ಕಾಲು ಇಂಚು ನುಂಗಿದ ಆಮೆ

ಕಲ್ಲು ಬಂದ ದಿನವೇ ತಕರಾರು ಶುರುವಾಯಿತು.

ಟ್ರಾಲಿಯಿಂದ ಇಳಿಸಿದ ಫರ್ಸಿ ಹಾಸುಗಲ್ಲುಗಳನ್ನು ಮಿಸ್ತ್ರಿ ಒಂದೊಂದಾಗಿ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಒಳಗೆ ಬಿರುಕಿದ್ದರೆ ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ಒಂದು ಕಡೆ ನೀಲಿ ಛಾಯೆಯ ಬೂದು ಕಲ್ಲು, ಇನ್ನೊಂದು ಕಡೆ ತಿಳಿಹಳದಿ ಕಲ್ಲು. ಶಹಾಬಾದಿನಲ್ಲಿ ಪಾಲಿಶ್ ಕಾರ್ಖಾನೆ ನಡೆಸುವ ಪಾಲಕರೊಬ್ಬರು ನಮ್ಮ ಶಾಲೆಯ ಪ್ರಾರ್ಥನೆಯ ಕಟ್ಟೆಗೆಂದು ಕಳಿಸಿಕೊಟ್ಟಿದ್ದರು. ಇಷ್ಟೇ ಇರುವುದು, ಇದರ ಮೇಲೆ ಒಂದು ಕಲ್ಲೂ ಇಲ್ಲ ಎಂದು ಟ್ರಾಲಿಯವನ ಬಾಯಲ್ಲಿ ಹೇಳಿ ಕಳಿಸಿದ್ದರು.

"ಎರಡು ಫೂಟಿನ ಚೌಕ ಮಾಡಿ ಹಾಸಿಬಿಡ್ತೀನ್ರಿ. ನಾಕು ದಿನದ ಕೆಲಸ," ಎಂದರು ಮಿಸ್ತ್ರಿ.

"ಅದು ಎಲ್ಲಾರ ಮನ್ಯಾಗೂ ಅದ," ಎಂದರು ನಮ್ಮ ಮುಖ್ಯ ಶಿಕ್ಷಕಿ. ಮಕ್ಕಳಿಗೂ ನಮಗೂ ಅವರು ದೊಡ್ಡ ಮೇಡಂ. ಆ ತಿಂಗಳ ಕೊನೆಯ ದಿನ ಅವರ ನಿವೃತ್ತಿ. "ನನ್ನ ಕಡೀ ಪ್ರಾರ್ಥನಾ ಈ ಕಟ್ಟಿ ಮ್ಯಾಲ ಆಗ್ಬೇಕು. ನಡುವ ಒಂದು ದೊಡ್ಡ ಹೂ ಇರ್ಲಿ. ಹುಡುಗ್ರು ಓಡಿ ಬಂದವ್ರು ನಿಂತು ನೋಡ್ಬೇಕು, ಹಂಥಾದ್ದು." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಆಮಿಗೆ ಹೇಳ್ರಿ, ಅದು ಬರೀಲಿ."

ಯಾವ ಆಮೆ, ಎಲ್ಲಿಯ ಆಮೆ ಎನ್ನುವಂತೆ ಮಿಸ್ತ್ರಿ ನನ್ನ ಮುಖ ನೋಡಿದರು.

ನಾನು ಗಣಿತ ಕಲಿಸುವವಳು. ವಾಡಿಗೂ ಶಹಾಬಾದಿಗೂ ನಡುವಿನ ಹಳ್ಳಿಯ ಸರ್ಕಾರಿ ಹೈಸ್ಕೂಲು ನಮ್ಮದು. ಚಿತ್ತಾಪುರದಿಂದ ಬೆಳಗಿನ ರೈಲಿಗೆ ವಾಡಿಗೆ ಬಂದು, ಅಲ್ಲಿಂದ ಟಂಟಂ ಆಟೋ ಹತ್ತಿ ಶಾಲೆ ಸೇರುತ್ತೇನೆ. ಕಂಪ್ಯೂಟರ್ ಕೋಣೆಯ ಕೀಲಿಯೂ ನನ್ನ ಚೀಲದಲ್ಲೇ. ಹತ್ತರಲ್ಲಿ ಆರು ಕಂಪ್ಯೂಟರ್ ನಡೆಯುತ್ತವೆ. ಅವುಗಳಲ್ಲಿ ಲೋಗೊ ಎಂಬ ಹಳೆಯ ಪ್ರೋಗ್ರಾಮ್ ಭಾಷೆಯಿದೆ. ಪರದೆಯ ನಡುವೆ ಒಂದು ಪುಟ್ಟ ತ್ರಿಕೋನ ಕೂತಿರುತ್ತದೆ. ಅದನ್ನೇ ಆಮೆ ಎನ್ನುವುದು. ಫಾರ್ವರ್ಡ್ ಐವತ್ತು ಎಂದರೆ ಐವತ್ತು ಹೆಜ್ಜೆ ಮುಂದೆ ಹೋಗುತ್ತದೆ. ರೈಟ್ ತೊಂಬತ್ತು ಎಂದರೆ ನಿಂತಲ್ಲೇ ಬಲಕ್ಕೆ ತೊಂಬತ್ತು ಡಿಗ್ರಿ ತಿರುಗುತ್ತದೆ. ಹೋದ ದಾರಿಯಲ್ಲೆಲ್ಲ ಗೆರೆ ಬೀಳುತ್ತದೆ. ಇಷ್ಟೇ. ಇಷ್ಟರಲ್ಲೇ ಮಕ್ಕಳು ಮನೆ, ಗಾಳಿಪಟ, ಟ್ರ್ಯಾಕ್ಟರ್ ಎಲ್ಲವನ್ನೂ ಬರೆಸುತ್ತಾರೆ.

ಹೂವಿನ ಕೆಲಸವನ್ನು ಒಂಬತ್ತನೇ ತರಗತಿಗೆ ಒಪ್ಪಿಸಿದೆ. ಮೊದಲ ಮೂರು ದಿನ ಬಂದವೆಲ್ಲ ಕಮಲ, ಗುಲಾಬಿ, ಸೂರ್ಯಕಾಂತಿ. ಪ್ರಿಂಟು ತೆಗೆದು ಮಿಸ್ತ್ರಿಗೆ ತೋರಿಸಿದರೆ ಅವರು ಒಂದೊಂದನ್ನೂ ಮಡಚಿ ವಾಪಸು ಕೊಟ್ಟರು.

"ಚಂದ ಅವ ಅಕ್ಕೋರೆ. ಖರೆ, ಕಲ್ಲು ಬಾಗಂಗಿಲ್ಲ. ನನ್ನ ಮಶೀನು ನೆಟ್ಟಗ ಕೊಯ್ತದ. ನೆಟ್ಟಗಿನ ಗೆರಿಯಾಗ ಹೂ ಕೊಡ್ರಿ."

ನೇರ ಗೆರೆಯ ಹೂ ಹುಟ್ಟಿದ್ದು ಮರೆವಿನಿಂದ. ಕುಂಚಾವರಂ ಕಡೆಯ ಒಬ್ಬ ಹುಡುಗಿ ಹಾಸ್ಟೆಲಿನಲ್ಲಿದ್ದು ನಮ್ಮಲ್ಲಿ ಓದುತ್ತಿದ್ದಳು. ಮನೆಮಾತು ತೆಲುಗು, ಖುಷಿಯಾದಾಗಲೂ ಸಿಟ್ಟು ಬಂದಾಗಲೂ ತೆಲುಗೇ. ಆಕೆ ಹನ್ನೆರಡು ಬಾಹುಗಳ ಒಂದು ಆಕೃತಿ ಬರೆಸಿದ್ದಳು: ಮುಂದೆ ಹೋಗು, ಮೂವತ್ತು ಡಿಗ್ರಿ ತಿರುಗು, ಹೀಗೆ ಹನ್ನೆರಡು ಸಲ. ಪರದೆ ಒರೆಸುವುದನ್ನು ಮರೆತು, ಆಮೆಯನ್ನು ಮೂವತ್ತು ಡಿಗ್ರಿ ತಿರುಗಿಸಿ, ಮತ್ತೆ ಅದೇ ಆಕೃತಿ ಬರೆಸಿದಳು. ಎರಡೂ ಒಂದರ ಮೇಲೊಂದು ಬಿದ್ದವು. ಬೈಯುತ್ತೇನೆಂದು ನನ್ನ ಕಡೆ ನೋಡಿದಳು. "ನಿಲ್ಲಿಸಬೇಡ, ಹನ್ನೆರಡೂ ಸಲ ಮಾಡು," ಎಂದೆ.

ಆಮೆ ಸುತ್ತತೊಡಗಿತು. ನಾಲ್ಕನೆಯ ಸುತ್ತಿಗೆ ಪಕ್ಕದ ಕಂಪ್ಯೂಟರಿನವರು ಎದ್ದು ಬಂದರು. ಎಂಟನೆಯದಕ್ಕೆ ಕೋಣೆಯಲ್ಲಿ ಕೂತವರು ಯಾರೂ ಉಳಿಯಲಿಲ್ಲ. ಹನ್ನೆರಡನೆಯ ಸುತ್ತು ಮುಗಿದಾಗ ಪರದೆಯ ತುಂಬ ಒಂದು ಹೂ ಅರಳಿ ನಿಂತಿತ್ತು. ನಡುವೆ ಚೂಪಾದ ಹನ್ನೆರಡು ದಳ, ಅವುಗಳ ಸಂದಿಯಲ್ಲಿ ಸ್ವಲ್ಪ ಅಗಲದ ಹನ್ನೆರಡು, ಅದರಾಚೆ ಇನ್ನೂ ಹನ್ನೆರಡು, ಹೀಗೆ ಐದು ಸುತ್ತು. ಎಲ್ಲವೂ ನೇರ ಗೆರೆ.

ಆ ಪ್ರಿಂಟನ್ನು ಮಿಸ್ತ್ರಿ ಮಡಚಲಿಲ್ಲ. ಕಟ್ಟೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿನ ಚೂರಿಟ್ಟು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬಹಳ ಹೊತ್ತು ಎಣಿಸಿದರು. ನಾನು ಕೋನಗಳ ಲೆಕ್ಕ ಶುರುಮಾಡುವ ಮೊದಲೇ ಅವರು ತಲೆಯೆತ್ತಿದರು.

"ಅಕ್ಕೋರೆ, ಇದು ಅರವತ್ತು ಕಲ್ಲಿನ ಹೂ. ಖರೆ, ಮೂರೇ ಫರ್ಮಾ."

ಫರ್ಮಾ ಎಂದರೆ ತಗಡಿನಲ್ಲಿ ಕತ್ತರಿಸಿದ ಮಾದರಿ. ಅದನ್ನು ಕಲ್ಲಿನ ಮೇಲಿಟ್ಟು ಗೆರೆ ಎಳೆದು ಕೊಯ್ಯುತ್ತಾರೆ. ಐದು ಸುತ್ತಿಗೆ ಐದು ನಮೂನೆಯ ಕಲ್ಲು ಬೇಕೆಂದು ನಾನು ಅಂದುಕೊಂಡಿದ್ದೆ.

"ನೋಡ್ರಿ. ಒಳಗಿನ ಸುತ್ತಿನ ಚೂಪ ಕಲ್ಲು, ಹೊರಗಿನ ಸುತ್ತಿನ ಕಲ್ಲು, ಎರಡೂ ಒಂದೇ. ಹೊರಗ ಅಡ್ಡ ಮಲಗ್ಯಾವ ಅಷ್ಟೇ. ಎರಡನೇದು, ನಾಕನೇದು ಒಂದೇ. ನಡುವಿಂದು ಚೌಕ. ನನ್ನ ಚೌಕ ಬಿಟ್ಟು ಹೋಗಿಲ್ಲ ನೋಡ್ರಿ ನಿಮ್ಮ ಆಮಿ!"

ಕೂತು ಲೆಕ್ಕ ಹಾಕಿದೆ. ಹೂವಿನ ನಡುವಿನ ಕಡೆಗಿರುವ ಕೋನಗಳು ಸುತ್ತಿನಿಂದ ಸುತ್ತಿಗೆ ಮೂವತ್ತು, ಅರವತ್ತು, ತೊಂಬತ್ತು, ನೂರ ಇಪ್ಪತ್ತು, ನೂರ ಐವತ್ತು. ಮೂವತ್ತು ಮತ್ತು ನೂರ ಐವತ್ತು ಒಂದೇ ಕಲ್ಲಿನ ಎರಡು ಮೂಲೆಗಳು. ಅರವತ್ತು, ನೂರ ಇಪ್ಪತ್ತೂ ಹಾಗೆಯೇ. ಇಪ್ಪತ್ತು ವರ್ಷ ಗಣಿತ ಕಲಿಸಿದವಳಿಗಿಂತ ಮೊದಲು ಅವರ ಕಣ್ಣು ಅದನ್ನು ಹಿಡಿದಿತ್ತು. ಅವರ ಬೆರಳು ಆಗಲೇ ಹೂವಿನ ಹೊರಗಿನ ಗೆರೆಯ ಮೇಲೆ ಓಡುತ್ತಿತ್ತು. "ಅಂಚೂ ನೆಟ್ಟಗ ಬಂದದ. ಸುತ್ತ ಪಟ್ಟಿ ಹಚ್ಚೋದು ಸಲೀಸು."

ಅಂದು ಕಟ್ಟೆಯ ಮೇಲೆಯೇ ಕರಾರುಗಳಾದವು. ಕಲ್ಲಿನ ಒಂದೊಂದು ಬಾಹು ಹದಿನೆಂಟು ಇಂಚು. ಆಗ ಇಡೀ ಹೂ ಹನ್ನೊಂದೂವರೆ ಫೂಟು ಅಗಲ. ಚೂಪು ಕಲ್ಲುಗಳೆಲ್ಲ ಹಳದಿ, ಅಗಲದವು ನೀಲಿ, ಚೌಕ ಮತ್ತೆ ಹಳದಿ. ಹನ್ನೆರಡು ಚೂಪು ತುದಿ ಒಂದೇ ಬಿಂದುವಿನಲ್ಲಿ ಕೂಡಿದರೆ ಒಡೆಯುತ್ತವೆ, ಆದ್ದರಿಂದ ತುದಿ ಮುರಿದು ನಡುವೆ ಒಂದು ದುಂಡು ಬಿಲ್ಲೆ ಕೂರಿಸಬೇಕು.

"ಡಿಗ್ರಿ ಗಿಗ್ರಿ ನನಗ ಬ್ಯಾಡ. ಬಾಹು ಎಷ್ಟು, ಮೂಲಿಯಿಂದ ಮೂಲಿಗೆ ಎಷ್ಟು, ಅಷ್ಟು ಕೊಡ್ರಿ. ಮತ್ತ ಪ್ರತಿ ಬಾಹುಕ್ಕ ಎರಡು ಸೂತ ಬಿಡ್ರಿ, ಸಂದಿಗೆ ಸಿಮೆಂಟ್ ಹೋಗ್ಬೇಕು."

ಎಂಟು ಸೂತಕ್ಕೆ ಒಂದು ಇಂಚು. ಎರಡು ಸೂತ ಎಂದರೆ ಕಾಲು ಇಂಚು. ಕೋನ ಬದಲಾದಂತೆ ಸಂದಿನ ಅಗಲವೂ ತುಸು ಬದಲಾಗುತ್ತದಲ್ಲ ಎಂದು ನಾನು ರಾಗ ಎಳೆದೆ. "ಅದನ್ನ ಸಿಮೆಂಟ್ ನೋಡ್ಕೋತದ ಬಿಡ್ರಿ," ಎಂದು ನಕ್ಕರು.

ಈಗ ಹೂ ಬರೆಸಿದರೆ ಸಾಲದು, ಅಳತೆಯೂ ಬೇಕು. ಅದಕ್ಕೆ ಪ್ರೊಸೀಜರ್ ಬರೆಯಬೇಕು. ಲೋಗೊದಲ್ಲಿ ಟು ಎಂದು ಬರೆದು ಒಂದು ಹೆಸರು ಕೊಟ್ಟರೆ, ಮುಂದೆ ಎಂಡ್ ಬರುವವರೆಗಿನ ಆಜ್ಞೆಗಳೆಲ್ಲ ಆ ಹೆಸರಿನಡಿ ಸೇರುತ್ತವೆ. ಆಮೇಲೆ ಹೆಸರು ಕರೆದರೆ ಸಾಕು, ಆಮೆ ಅಷ್ಟೂ ಕೆಲಸ ಮಾಡುತ್ತದೆ. ನಾವು ಎರಡು ಪ್ರೊಸೀಜರ್ ಬರೆದೆವು. ಒಂದರ ಹೆಸರು ಹೂ: ಇಡೀ ಚಿತ್ರ ಬರೆಯುವುದು. ಇನ್ನೊಂದರ ಹೆಸರು ಕಲ್ಲು: ಕೋನ ಕೊಟ್ಟರೆ ಆ ಕೋನದ ಒಂದು ಕಲ್ಲನ್ನು ಬಿಡಿಯಾಗಿ ಬರೆದು, ಕೆಳಗೆ ಅದರ ಬಾಹು ಮತ್ತು ಎರಡು ಕರ್ಣಗಳ ಅಳತೆ ಹಾಕುವುದು. ಹದಿನೆಂಟು ಇಂಚನ್ನು ಬಾಹು ಎಂಬ ಹೆಸರಿನಲ್ಲಿ ಮೊದಲೇ ತುಂಬಿಟ್ಟೆವು. ಕಲ್ಲು ಪ್ರೊಸೀಜರ್‌ನ ಮೊದಲ ಸಾಲು ಮಾತ್ರ ನಾನೇ ಹೇಳಿ ಬರೆಸಿದ್ದು: ಬಾಹುವಿನಿಂದ ಕಾಲು ಇಂಚು ಕಳೆ, ಉಳಿದದ್ದನ್ನು ಬಾಹುವಿನಲ್ಲೇ ಇಡು.

ಶಿಕ್ಷಕರ ಕೈಪಿಡಿಯಲ್ಲಿ ಲೋಕಲ್ ಎಂಬುದಕ್ಕೆ ಒಂದು ಇಡೀ ಪುಟವಿತ್ತು. ಮಕ್ಕಳಿಗೆ ಗೊಂದಲವಾಗುತ್ತದೆಂದು ಪ್ರತಿ ವರ್ಷ ಅದನ್ನು ದಾಟಿಸಿ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೇ ಅದು ಪೂರ್ತಿ ತಿಳಿದಿರಲಿಲ್ಲ.

ಮೂರು ಕಲ್ಲಿಗೆ ಮೂರು ಹಾಳೆ ಪ್ರಿಂಟಾದವು. ಮೊದಲನೆಯದು ಚೂಪು ಕಲ್ಲು. ಅದರ ಪ್ರತಿ ಅಂಕಿಯನ್ನೂ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದೆ, ಸರಿಯಿತ್ತು. ಒಂದು ಸರಿಯಿದ್ದರೆ ಎಲ್ಲವೂ ಸರಿ ಎಂದುಕೊಂಡು ಉಳಿದೆರಡನ್ನು ನೋಡದೆಯೇ ಮಿಸ್ತ್ರಿಯ ಕೈಗಿತ್ತೆ.

ಭಂಕೂರಿನಲ್ಲಿ ಅವರ ಮನೆಯ ಪಕ್ಕದ ಶೆಡ್ಡಿನಲ್ಲಿ ಆರು ದಿನ ಮಶೀನು ಓಡಿತು. ಶನಿವಾರ ಬೆಳಗ್ಗೆ ಅರವತ್ತು ಕಲ್ಲೂ ಶಾಲೆಗೆ ಬಂದವು. ಸಿಮೆಂಟ್ ಹಾಕುವ ಮೊದಲು ಒಮ್ಮೆ ಒಣಗೆ ಜೋಡಿಸಿ ನೋಡುವುದು ರೂಢಿ. ಪ್ರಾರ್ಥನೆ ಮುಗಿದರೂ ಮಕ್ಕಳು ತರಗತಿಗೆ ಹೋಗಲಿಲ್ಲ; ದೊಡ್ಡ ಮೇಡಂ ಕೂಡ ಕುರ್ಚಿ ತರಿಸಿಕೊಂಡು ಕೂತರು.

ಒಳಗಿನ ಹನ್ನೆರಡು ಚೂಪು ಕಲ್ಲು ಬಿಲ್ಲೆಯ ಸುತ್ತ ಚಕ್ಕನೆ ಕೂತವು. ಚಪ್ಪಾಳೆ ಬಿತ್ತು. ಎರಡನೆಯ ಸುತ್ತಿನ ನೀಲಿ ಕಲ್ಲುಗಳೂ ಕೂತವು, ಆದರೆ ಸಂದು ತುಸು ಸಡಿಲ. ಮಿಸ್ತ್ರಿಯ ಹುಬ್ಬು ಗಂಟಾಯಿತು. ಮೂರನೆಯ ಸುತ್ತಿಗೆ ಮೊದಲ ಚೌಕ ಇಟ್ಟರು, ತೆಗೆದರು, ತಿರುಗಿಸಿ ಇಟ್ಟರು. ಕಲ್ಲು ತನ್ನ ಜಾಗದಲ್ಲಿ ಅಲ್ಲಾಡುತ್ತಿತ್ತು. ಪಕ್ಕದ ಸಂದಿನಲ್ಲಿ ಕಿರುಬೆರಳು ತೂರುತ್ತಿತ್ತು.

"ಅಕ್ಕೋರೆ, ಚೌಕ ಕುಂದ್ರವಲ್ದು."

ಎಲ್ಲರೂ ನನ್ನನ್ನೇ ನೋಡಿದರು. ಆಗ ನನ್ನ ಬಾಯಿಂದ ಬಂದ ಮಾತನ್ನು ಇಂದಿಗೂ ವಾಪಸು ತೆಗೆದುಕೊಳ್ಳಬೇಕೆನ್ನಿಸುತ್ತದೆ. "ಕಂಪ್ಯೂಟರ್ ಅಳತೆ ತಪ್ಪಂಗಿಲ್ಲ ಕಾಕಾ. ನಿಮ್ಮ ಬ್ಲೇಡ್ ಸವೆದಿರಬೇಕು, ನೋಡ್ರಿ."

ಇನ್ನೂರು ಮಕ್ಕಳ ಮುಂದೆ ಹೇಳಿದ್ದೆ. ಮಿಸ್ತ್ರಿ ಚೌಕವನ್ನು ಜೋಪಾನವಾಗಿ ಗೋಡೆಗೆ ಆನಿಸಿ, ಸುತ್ತಿಗೆ, ಉಳಿ, ದಾರ ಎಲ್ಲ ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿ ಹೋದರು. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದ ಮನುಷ್ಯ.

ಮಕ್ಕಳು ತರಗತಿಗೆ ಹೋದರು. ದೊಡ್ಡ ಮೇಡಂ ಕುರ್ಚಿಯಿಂದ ಏಳುತ್ತ ಮೆಲ್ಲಗೆ, "ನಾಳೆ ಐತವಾರ ಅದ. ಅವರ ಮನೀಗೆ ಹೋಗಿ ಬರ್ರಿ. ಫೋನ್ ಮಾಡಬ್ಯಾಡ್ರಿ, ಹೋಗ್ರಿ," ಎಂದರು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು.

ಭಾನುವಾರ ನಾನು ಭಂಕೂರಿಗೆ ಹೋದಾಗ ಅವರು ಶೆಡ್ಡಿನಲ್ಲೇ ಇದ್ದರು. "ಬರ್ರಿ, ಕುಂದ್ರಿ," ಎಂದು ಒಂದು ಫರ್ಸಿಯ ಮೇಲಿನ ಧೂಳನ್ನು ಹೆಗಲ ಟವೆಲಿನಿಂದ ಒರೆಸಿದರು. ಅವರ ಹೆಂಡತಿ, ಕಾಕು, ಚಹಾ ತಂದುಕೊಟ್ಟರು. ಯಾರೂ ನಿನ್ನೆಯ ಮಾತು ಎತ್ತಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಕಡೆಗೆ ಮಿಸ್ತ್ರಿ ಮೂರು ತಗಡಿನ ಫರ್ಮಾ ತಂದು ನನ್ನ ಮುಂದಿಟ್ಟರು. ಗೂಟಕ್ಕೆ ಚುಚ್ಚಿಟ್ಟಿದ್ದ ಮೂರು ಹಾಳೆ ತೆಗೆದರು. ಟೇಪನ್ನು ನನ್ನ ಕೈಗೇ ಕೊಟ್ಟರು. "ನೀವೇ ಅಳೀರಿ."

ಚೂಪು ಫರ್ಮಾ ಅಳೆದೆ. ಹದಿನೇಳು ಇಂಚು, ಆರು ಸೂತ. ಹಾಳೆಯಲ್ಲೂ ಹದಿನೇಳು ಮುಕ್ಕಾಲು. ಅಗಲದ್ದು ಅಳೆದೆ. ಹದಿನೇಳೂವರೆ. ಹಾಳೆಯಲ್ಲೂ ಹದಿನೇಳೂವರೆ. ಚೌಕ ಅಳೆಯುವ ಮೊದಲೇ ನನ್ನ ಕಣ್ಣು ಹಾಳೆಗೆ ಹೋಗಿತ್ತು. ಹದಿನೇಳೂಕಾಲು. ಮೂರೂ ಕಲ್ಲಿನ ಬಾಹು ಒಂದೇ ಇರಬೇಕಿತ್ತು. ಮೂರು ಹಾಳೆಯಲ್ಲಿ ಮೂರು ಅಳತೆ. ಅವರ ಕೊಯ್ತ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಟೇಪನ್ನು ಅವರ ಕೈಗೆ ವಾಪಸು ಕೊಟ್ಟೆ. "ಕಾಕಾ, ತಪ್ಪು ನನ್ನದು," ಎಂದೆ.

"ಕೊಯ್ಯುವಾಗ ನನಗ ಅನಸ್ತು, ಮೂರು ಯಾಕ ಬ್ಯಾರೆ ಬ್ಯಾರೆ ಅಂತ. ಓದಿದವ್ರು ಬರದಾರ, ಏನೋ ಲೆಕ್ಕ ಇರಬೇಕು ಅಂದ್ಕೊಂಡೆ. ಕೇಳಬೇಕಿತ್ತು ನಾ."

"ನಾನು ನೋಡಬೇಕಿತ್ತು. ನೀವು ಕೇಳಬೇಕಿರಲಿಲ್ಲ." ಆಮೇಲೆ ಹೇಳಿದೆ, "ನಿನ್ನೆ ಎಲ್ಲರ ಮುಂದೆ ಅಂದೆ. ನಾಳೆ ಎಲ್ಲರ ಮುಂದೆಯೇ ಹೇಳ್ತೀನಿ. ನೀವು ಬರಬೇಕು."

ಅವರು ಟೇಪನ್ನು ಒಮ್ಮೆ ಎಳೆದು ಬಿಟ್ಟರು. ಆಮೇಲೆ ಮೀಸೆಯ ತುದಿಯಲ್ಲಿ ನಗು ಕಂಡಿತು. "ಬರ್ತೀನ್ರಿ. ಆ ಆಮಿ ಮಾರಿ ಒಮ್ಮೆ ನೋಡಬೇಕು ನಾ."

ಸೋಮವಾರ ಪ್ರಾರ್ಥನೆಯಲ್ಲಿ ನಾನು ಮುಂದೆ ನಿಂತು, ಅಳತೆ ತಪ್ಪಿದ್ದು ನನ್ನಿಂದ, ಮಿಸ್ತ್ರಿಯವರ ಕೆಲಸದಲ್ಲಿ ಒಂದು ಸೂತವೂ ತಪ್ಪಿಲ್ಲ ಎಂದು ಹೇಳಿದೆ. ಮಕ್ಕಳು ತಾವಾಗಿಯೇ ಅವರ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಮಿಸ್ತ್ರಿ ಟವೆಲಿನಿಂದ ಮುಖ ಒರೆಸಿಕೊಂಡು, "ಸಾಕ್ರಿ, ಸಾಕ್ರಿ," ಎಂದರು.

ಕಂಪ್ಯೂಟರ್ ಕೋಣೆಯಲ್ಲಿ ಅವರಿಗೊಂದು ಕುರ್ಚಿ ಹಾಕಿದೆವು. ತಪ್ಪು ಎಷ್ಟೆಂದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಕಂಪ್ಯೂಟರ್ ಹೊಸದಾಗಿ ಶುರುಮಾಡಿ, ಚೌಕದ ಕಲ್ಲನ್ನೇ ಮೊದಲು ಕರೆದೆ. ಹದಿನೇಳು ಮುಕ್ಕಾಲು ಬಂತು. ಸರಿಯಾದ ಅಳತೆ! ಚೂಪು ಕಲ್ಲು ಕರೆದೆ. ಈಗ ಅದು ಹದಿನೇಳೂವರೆ. ತಲೆ ಕೆರೆದುಕೊಂಡೆ. ಕುಂಚಾವರಂ ಹುಡುಗಿ ಸುಮ್ಮನಿರದೆ ಕೀಲಿಮಣೆ ಎಳೆದುಕೊಂಡು ಅದೇ ಚೌಕವನ್ನು ಮತ್ತೆ ಮತ್ತೆ ಕರೆಯತೊಡಗಿದಳು. ಪ್ರತಿ ಸಲವೂ ಚೌಕ ಹಿಂದಿನದಕ್ಕಿಂತ ಒಂದು ಚೂರು ಒಳಗೆ ಬೀಳುತ್ತಿತ್ತು.

"ಮೇಡಂ, ಮಳ್ಳಿ ಚಿನ್ನದಿ ಅಯಿಂದಿ!" ಎಂದು ಕೂಗಿದಳು. ಮತ್ತೆ ಚಿಕ್ಕದಾಯಿತು ಎಂದು ಅದರರ್ಥ.

"ಚಿನ್ನ ಆಯ್ತಾ? ಎಲ್ಲಿ, ಎಲ್ಲಿ?" ಎಂದು ಹಿಂದಿನವರು ನುಗ್ಗಿದರು. ಕೋಣೆಯೆಲ್ಲ ನಗು. ಆಕೆ ಇಪ್ಪತ್ತು ಮೂವತ್ತು ಸಲ ಒತ್ತಿದಳು; ಚೌಕದೊಳಗೆ ಚೌಕ, ಅದರೊಳಗೆ ಚೌಕ. ಕಲ್ಲು ಕರೆದಾಗಲೆಲ್ಲ ಆಮೆ ಕಾಲು ಇಂಚು ನುಂಗುತ್ತಿತ್ತು.

ಆಗ ನನಗೆ ಹೊಳೆಯಿತು. ಕಳೆದು ಉಳಿದದ್ದನ್ನು ಬಾಹುವಿನಲ್ಲೇ ಇಡು ಎಂದು ನಾನೇ ಬರೆಸಿದ್ದೆ. ಬಾಹು ಎಂಬುದು ಇಡೀ ಪ್ರೋಗ್ರಾಮಿಗೆ ಒಂದೇ. ಮೊದಲ ಕಲ್ಲು ಹದಿನೆಂಟರಲ್ಲಿ ಕಾಲು ಕಳೆದು ಅಲ್ಲೇ ಇಟ್ಟು ಹೋಯಿತು. ಎರಡನೆಯ ಕಲ್ಲು ಬಂದಾಗ ಹದಿನೆಂಟು ಅಲ್ಲಿರಲೇ ಇಲ್ಲ. ಇದನ್ನು ಮಕ್ಕಳಿಗೆ ಹೇಗೆ ಹೇಳುವುದೆಂದು ನಾನು ಹಲಗೆಯ ಮುಂದೆ ತಡವರಿಸುತ್ತಿದ್ದಾಗ ಮಿಸ್ತ್ರಿ ಕುರ್ಚಿಯಿಂದ ಮುಂದೆ ಬಾಗಿದರು.

"ನಮ್ಮ ಕೆಲಸದಾಗ ಅಳತಿ ಕಡ್ಡಿ ಅಂತ ಇರ್ತದ ನೋಡ್ರಿ. ಟೇಪ್ ಪದೇ ಪದೇ ಯಾರು ಹಿಡೀತಾರ? ಒಂದು ಕಡ್ಡಿ ಮ್ಯಾಲ ಪೆನ್ಸಿಲ್‌ಲೆ ಗುರ್ತು ಹಾಕಿ ಅದರ ಮ್ಯಾಲೇ ಕೊಯ್ಕೋತ ಹೋಗ್ತೀವಿ. ಬಾಜೂ ಮಿಸ್ತ್ರಿ ಬಂದು ಅದೇ ಕಡ್ಡಿ ತಗೊಂಡು ಅಂವನ ಗುರ್ತು ಹಾಕಿ, ಸುಮ್ನ ಇಟ್ಟು ಹೋದ ಅಂದ್ರ? ನಾ ನೋಡ್ಲಾರ್ದ ಕೊಯ್ತೀನಿ. ನನ್ನ ಕಲ್ಲು ಹಾಳು. ಅದಕ್ಕ ಕೆಲಸದ ಮ್ಯಾಲ ಒಬ್ಬೊಬ್ಬಂಗ ಒಂದೊಂದು ಕಡ್ಡಿ. ಕೆಲಸ ಮುಗೀತು, ಮುರದು ಒಲಿಗೆ ಹಾಕು."

ನಾನು ಬಿಟ್ಟುಬಿಡುತ್ತಿದ್ದ ಪುಟ ಇದೇ ಆಗಿತ್ತು. ಲೋಕಲ್ ಎಂದು ಹೇಳಿದ ಹೆಸರು ಆ ಪ್ರೊಸೀಜರ್‌ನ ಒಳಗೆ ಹುಟ್ಟುತ್ತದೆ, ಅದು ಮುಗಿದಾಗ ಅಲ್ಲೇ ಅಳಿಯುತ್ತದೆ. ಹೊರಗೆ ಅದೇ ಹೆಸರಿನದೊಂದಿದ್ದರೂ ಅದನ್ನು ಮುಟ್ಟುವುದಿಲ್ಲ. ಅಷ್ಟು ವರ್ಷದ ಗೊಂದಲ ಮಿಸ್ತ್ರಿಯ ನಾಲ್ಕು ಮಾತಿನಲ್ಲಿ ತಿಳಿಯಾಯಿತು.

ಉತ್ಸಾಹದಲ್ಲಿ ಕಲ್ಲು ಪ್ರೊಸೀಜರ್‌ನ ತಲೆಯಲ್ಲೇ ಲೋಕಲ್ ಬಾಹು ಎಂದು ಸೇರಿಸಿ ಓಡಿಸಿದೆ. ಆಮೆ ಕದಲಲಿಲ್ಲ. ಬಾಹುವಿಗೆ ಬೆಲೆಯೇ ಇಲ್ಲ ಎಂದು ಕೆಳಗೊಂದು ಸಾಲು ಬಂತು. ಮಕ್ಕಳು ಅದನ್ನು ಓದಿ ಹೇಳಿದಾಗ ಮಿಸ್ತ್ರಿ ತೊಡೆ ತಟ್ಟಿಕೊಂಡರು.

"ಹೊಸಾ ಕಡ್ಡಿ ಕೊಟ್ರಿ, ಬರೋಬ್ಬರಿ. ಗುರ್ತು ಯಾರು ಹಾಕ್ಬೇಕು? ಹಳೀ ಕಡ್ಡಿ ನೋಡಿ ಹೊಸಾದ್ರ ಮ್ಯಾಲ ಹಾಕ್ರಿ!"

ಹಾಗೆಯೇ ಮಾಡಿದೆವು. ಒಳಗಿನದಕ್ಕೆ ಬೇರೆ ಹೆಸರಿಟ್ಟೆವು, ಕೊಯ್ತ. ಅದನ್ನು ಲೋಕಲ್ ಮಾಡಿದೆವು. ಬಾಹುವನ್ನು ನೋಡು, ಅದರಲ್ಲಿ ಕಾಲು ಇಂಚು ಕಳೆ, ಕೊಯ್ತದಲ್ಲಿ ಇಡು. ಜೊತೆಗೆ ಬಾಹುವನ್ನು ಮೊದಲೇ ತುಂಬಿಡುವುದನ್ನು ಬಿಟ್ಟು, ಕರೆಯುವಾಗಲೇ ಕೈಗೆ ಕೊಡುವಂತೆ ಬದಲಿಸಿದೆವು. ಚೌಕ ಹತ್ತು ಸಲ ಕರೆದೆವು. ಹತ್ತು ಸಲವೂ ಹದಿನೇಳು ಮುಕ್ಕಾಲು, ಒಂದೇ ಗೆರೆಯ ಮೇಲೆ ಗೆರೆ. ಹುಡುಗಿ ನಿರಾಸೆಯಿಂದ, "ಇನ್ನ ಚಿನ್ನ ಬರಂಗಿಲ್ಲ," ಎಂದಳು.

ಪ್ರೋಗ್ರಾಮು ಸರಿಹೋಯಿತು, ಕಲ್ಲುಗಳು? ಅರವತ್ತೂ ಕೊಯ್ದಾಗಿತ್ತು. ಸುತ್ತಿನ ಪಟ್ಟಿಗೆಂದು ಎತ್ತಿಟ್ಟ ತುಂಡುಗಳನ್ನು ಬಿಟ್ಟರೆ ಮೇಲೆ ಒಂದು ಕಲ್ಲೂ ಇರಲಿಲ್ಲ. ಅಗಲದ ಇಪ್ಪತ್ನಾಲ್ಕು ಮತ್ತು ಚೌಕ ಹನ್ನೆರಡು, ಮೂವತ್ತಾರು ಕಲ್ಲು ಬೇಡಿಕೊಂಡು ಕಾರ್ಖಾನೆಯವರ ಬಾಗಿಲಿಗೆ ಹೋಗಬೇಕೆ, ಹೂ ಬಿಟ್ಟು ಸಾದಾ ಹಾಸಬೇಕೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

"ಎಲ್ಲಾಕ್ಕಿಂತ ಸಣ್ಣದು ಯಾವ್ದು?" ಎಂದರು ಮಿಸ್ತ್ರಿ.

"ಚೌಕ. ಹದಿನೇಳೂಕಾಲು."

"ಸಣ್ಣದು ದೊಡ್ಡದು ಆಗಂಗಿಲ್ಲ. ದೊಡ್ಡದು ಸಣ್ಣದು ಆಗ್ತದ. ಎಲ್ಲಾನೂ ಚೌಕದ ಅಳತಿಗೆ ಇಳಸ್ರಿ. ನಾ ತಿಕ್ಕಿ ಕೊಡ್ತೀನಿ."

ನಾನು ಕೂತೇ ಬಿಟ್ಟೆ. ಹೌದಲ್ಲ! ಬಾಹು ಹದಿನೆಂಟರ ಬದಲು ಹದಿನೇಳೂವರೆ ಎಂದರೆ, ಕಾಲು ಕಳೆದು ಹದಿನೇಳೂಕಾಲು. ಚೌಕಗಳು ಇದ್ದಂತೆಯೇ ಕೂರುತ್ತವೆ. ಇಡೀ ಹೂ ನಾಲ್ಕು ಇಂಚು ಚಿಕ್ಕದಾಗುತ್ತದೆ, ಸುತ್ತಿನ ಪಟ್ಟಿ ಅದನ್ನು ತುಂಬಿಕೊಳ್ಳುತ್ತದೆ. ಒಂದು ಕಲ್ಲೂ ದಂಡವಾಗುವುದಿಲ್ಲ. ಹಳೆಯ ಪ್ರೋಗ್ರಾಮಿನಲ್ಲಾಗಿದ್ದರೆ ಎಲ್ಲೆಲ್ಲಿ ಏನೇನು ತಿದ್ದಬೇಕಿತ್ತೋ. ಈಗ ಕರೆಯುವಾಗ ಒಂದು ಅಂಕಿ ಬದಲಿಸಿದರೆ ಮುಗಿಯಿತು. ಎರಡು ನಿಮಿಷದಲ್ಲಿ ಹೊಸ ಹಾಳೆಗಳು ಬಂದವು. ಈ ಸಲ ಮೂರನ್ನೂ ಮೇಜಿನ ಮೇಲೆ ಹಾಸಿ, ಮಕ್ಕಳು, ಮಿಸ್ತ್ರಿ, ನಾನು, ಎಲ್ಲರೂ ಓದಿದೆವು.

ನಲವತ್ತೆಂಟು ಕಲ್ಲು ಸಣ್ಣದಾಗಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಚೂಪು ಕಲ್ಲಿಗೆ ಅರ್ಧ ಇಂಚು ಹೋಗಬೇಕು, ಅದನ್ನು ಮಶೀನು ಕೊಯ್ಯುತ್ತದೆ. ಅಗಲದವಕ್ಕೆ ಕಾಲೇ ಇಂಚು. ಅಷ್ಟು ತೆಳುವಿಗೆ ಬ್ಲೇಡು ಹಿಡಿಯದೆ ಜಾರುತ್ತದೆ, ಕೈಯಿಂದ ತಿಕ್ಕಬೇಕು. ಮಿಸ್ತ್ರಿ ತಮ್ಮ ಇಬ್ಬರು ಜೊತೆಗಾರರನ್ನು ಕರೆದು ಮೂರು ದಿನ ತಿಕ್ಕಿದರು. ಎರಡು ಚೂಪು ಕಲ್ಲಿನ ತುದಿ ಹಾರಿತು. ಅವನ್ನು ಬಿಲ್ಲೆಯ ಪಕ್ಕಕ್ಕೆ ಇಟ್ಟರು, ಹೇಗೂ ಅಲ್ಲಿ ತುದಿ ಬೇಕಿರಲಿಲ್ಲ.

ಗುರುವಾರ ಒಣಗೆ ಜೋಡಿಸಿದೆವು. ಒಂದನೆಯ ಸುತ್ತು. ಎರಡನೆಯ ಸುತ್ತು. ಚೌಕದ ಸುತ್ತಿಗೆ ಬಂದಾಗ ನಾನು ನೋಡಲಾರದೆ ತಲೆ ತಗ್ಗಿಸಿದ್ದೆ. ಟಕ್ ಎಂಬ ಸದ್ದು ಕೇಳಿತು. ಆಮೇಲೆ ಇನ್ನೊಂದು. ಹನ್ನೆರಡು ಸಲ ಕೇಳಿತು. ನಾಲ್ಕನೆಯ ಸುತ್ತು, ಐದನೆಯ ಸುತ್ತು. ಕಡೆಯ ಕಲ್ಲು ಕೂತಾಗ ಹೂವಿನ ಹೊರ ಅಂಚು ದಾರ ಹಿಡಿದಂತೆ ನೇರ ನಿಂತಿತು. ಮಿಸ್ತ್ರಿ ನಿಜಕ್ಕೂ ದಾರ ಹಿಡಿದು ನೋಡಿದರು. ನೋಡಿ, ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ನನ್ನ ಕಡೆ ಹೆಬ್ಬೆರಳು ಎತ್ತಿದರು. ಮಕ್ಕಳ ಕೂಗಿಗೆ ದೊಡ್ಡ ಮೇಡಂ ಆಫೀಸಿನಿಂದ ಓಡಿ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶುಕ್ರವಾರ ಕಲ್ಲು ಕೂರಿಸಿದ ಮೇಲೆ, ಸಿಮೆಂಟ್ ಕುಡಿದು ಗಟ್ಟಿಯಾಗಲು ಎರಡು ದಿನ ಬಿಟ್ಟೆವು. ತಿಂಗಳ ಕೊನೆಯ ದಿನ ಬೆಳಗ್ಗೆ ದೊಡ್ಡ ಮೇಡಂ ಚಪ್ಪಲಿ ಕಳಚಿ ಕಟ್ಟೆ ಹತ್ತಿದರು. ಹೂವಿನ ನಡುವಿನ ಬಿಲ್ಲೆಯ ಮೇಲೆ ನಿಲ್ಲಿರೆಂದು ಎಲ್ಲರೂ ಒತ್ತಾಯಿಸಿದೆವು. ಅವರು ಒಪ್ಪದೆ, "ಅಲ್ಲಿ ನಿಂತ್ರ ಹೂ ಹೆಂಗ ಕಾಣ್ತದ?" ಎಂದು ಅಂಚಿಗೆ ಬಂದು ನಿಂತರು. ಪ್ರಾರ್ಥನೆ ಶುರುವಾದಾಗ ಅವರು ಕಣ್ಣು ಮುಚ್ಚಲಿಲ್ಲ. ಕಲ್ಲನ್ನೇ ನೋಡುತ್ತಿದ್ದರು.

ಎರಡು ವಾರದ ನಂತರ ಒಂದು ಶನಿವಾರ, ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಮಿಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಸುಲೇಪೇಟದ ಅಂಗಡಿಯವರೊಬ್ಬರು ನಮ್ಮ ಕಟ್ಟೆ ನೋಡಿ ಹೋಗಿದ್ದರಂತೆ. ತಮ್ಮ ಪಡಸಾಲೆಗೂ ಅಂಥದೇ ಬೇಕೆಂದು ಹಠ ಹಿಡಿದಿದ್ದರಂತೆ. "ಜಾಗಾ ಸಣ್ಣದದ. ಎಂಟರ ಹೂ ಆಗ್ತದೇನ್ರಿ? ಬಾಹು ಒಂದು ಫೂಟು."

"ನೀವೇ ಕೇಳಿ ನೋಡಿ," ಎಂದು ಕುರ್ಚಿ ಸರಿಸಿದೆ. ಕುಂಚಾವರಂ ಹುಡುಗಿ ಪಕ್ಕದಲ್ಲಿ ನಿಂತು ಕೀಲಿಗಳನ್ನು ತೋರಿಸಿದಳು. ಮಿಸ್ತ್ರಿ ಬೆರಳನ್ನು ಅಂಗಿಗೆ ಒರೆಸಿಕೊಂಡು ಹೂ ಎಂದು ಹುಡುಕಿ ಹುಡುಕಿ ಒತ್ತಿದರು. ಮುಂದೆ ದಳಕ್ಕೆ ಎಂಟು, ಬಾಹುವಿನ ಇಂಚಿಗೆ ಹನ್ನೆರಡು. ಎಂಟರ್ ಒತ್ತಿ, ಬಿಸಿ ತಾಕಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಆಮೆ ಎಂಟು ಸುತ್ತು ಹಾಕಿತು. ಮೂರು ಸುತ್ತಿನ ಹೂ, ಇಪ್ಪತ್ನಾಲ್ಕು ಕಲ್ಲು. "ಎರಡೇ ಫರ್ಮಾ!" ಎಂದರು, ಪೂರ್ತಿ ಮುಗಿಯುವ ಮೊದಲೇ.

ಅಳತೆಯ ಹಾಳೆಗಳು ಬಂದ ಕೂಡಲೇ ಎರಡನ್ನೂ ಬಾಜೂ ಬಾಜೂ ಇಟ್ಟು ಬೆರಳಿಟ್ಟು ಓದಿದರು. "ಹನ್ನೊಂದು ಇಂಚು ಆರು ಸೂತ. ಇಲ್ಲೂ ಹನ್ನೊಂದು ಆರು." ಹಾಳೆ ಮಡಚಿ ಜೇಬಿನಲ್ಲಿಟ್ಟರು. ಎದ್ದು ಹೊರಡುತ್ತಾರೆಂದುಕೊಂಡೆ. ಅವರು ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡರು.

"ಅಕ್ಕೋರೆ, ಒಂಬತ್ತು ಹಾಕಿದ್ರ ಏನ್ ಬರ್ತದ್ರಿ?"

ಹನ್ನೆರಡು, ಎಂಟು, ಎರಡೂ ಸಮ. ಒಂಬತ್ತು ಬೆಸ. ಮಿಸ್ತ್ರಿಯ ಚೌಕ ಅದರಲ್ಲಿ ಸಿಗುತ್ತದೋ, ಅಂಚು ನೇರವಾಗುತ್ತದೋ, ಗೆರೆಗಳು ಒಂದನ್ನೊಂದು ಕತ್ತರಿಸಿ ಗೋಜಲಾಗುತ್ತದೋ, ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಕಾಕಾ," ಎಂದೆ.

ಹೊರಗೆ ಮನೆಗೆ ಹೋಗುವ ಗಂಟೆ ಬಾರಿಸಿತು. ಕೋಣೆಯಿಂದ ಯಾರೂ ಏಳಲಿಲ್ಲ. ಮಿಸ್ತ್ರಿ ಒಂಬತ್ತನ್ನು ಹುಡುಕಿ ಒತ್ತಿದರು, ನಾವೆಲ್ಲ ಪರದೆಯ ಕಡೆ ಬಾಗಿದೆವು, ಆಮೆ ಹೊರಟಿತು.